ಮಳೆಗಾಲದ ಹಸಿವಿಗೆ ಒಂದು ಹಿಡಿ ಹುಚ್ಚೆಳ್ಳು

ಜೇನಿಗೆ ಬರಗಾಲ ಬೇಸಿಗೆಯಲ್ಲಿ ಎಂದುಕೊಂಡವರೇ ಹೆಚ್ಚು. ನಮ್ಮ ಕಡೆ ಹಾಗಲ್ಲ. ಬೇಸಿಗೆಯಲ್ಲಿ ಹೊಂಗೆ, ಬೇವು, ನೇರಳೆ ಪೈಪೋಟಿಗೆ ಬಿದ್ದು ಹೂ ಬಿಡುತ್ತವೆ. ಮೃಗಶಿರಾ ಮಳೆ ಹಿಡಿದ ಮೇಲೆ ಮರಗಳ ಸಂತೆ ಮುಗಿಯುತ್ತದೆ. ಅಲ್ಲಿಲ್ಲಿ ಅರಳಿದ ಹೂವಿನಲ್ಲೂ ಪರಾಗ ತೊಳೆದುಹೋಗಿರುತ್ತದೆ, ಮಕರಂದ ನೀರಾಗಿರುತ್ತದೆ. ಹೆಜ್ಜೇನು ಬುದ್ಧಿವಂತ ಪ್ರಾಣಿ, ಮಲೆನಾಡು ಬಿಟ್ಟು ಬಯಲುಸೀಮೆಗೆ ಗುಳೆ ಹೊರಡುತ್ತದೆ. ಪೆಟ್ಟಿಗೆಯ ತುಡುವೆಗೂ ಗೋಡೆ ಸಂದಿಯ ಮುಜಂಟಿಗೂ ಆ ಅನುಕೂಲವಿಲ್ಲ. ಆದ್ದರಿಂದಲೇ ಜೇನು ಸಾಕುವವರು ಈ ತಿಂಗಳುಗಳಲ್ಲಿ ಸಕ್ಕರೆ ಪಾಕ ಇಡುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವನ್ನು ಅಳಿಸಿಹಾಕಿತು. ಅಂಥ ರೋಗಕ್ಕೆ ಕೈತೋಟದವರು ಮಾಡುವಂಥದ್ದೇನಿಲ್ಲ. ಹಸಿವಿಗೆ ಮಾತ್ರ ಏನಾದರೂ ಮಾಡಬಹುದು, ಅದಕ್ಕೆ ಈ ವಾರವೇ ಸರಿಯಾದ ಹೊತ್ತು.

ನನ್ನ ಮೊದಲ ಆಯ್ಕೆ ಹುಚ್ಚೆಳ್ಳು, ಉತ್ತರ ಕರ್ನಾಟಕದವರ ಗುರೆಳ್ಳು. ನರ್ಸರಿಯವರು ನಗಬಹುದು, ನಗಲಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಜೋಳದ ಜೊತೆ ನಮ್ಮ ರೈತರು ಇದನ್ನು ಬಿತ್ತುತ್ತಿದ್ದರು. ಮಳೆಗಾಲದ ಕೊನೆಗೆ ಹೊಲದ ತುಂಬ ಹಳದಿ ಗೆರೆಗಳು. ರಾಗಿ ಹೋಗಿ ನೀಲಗಿರಿಯೋ ಲೇಔಟೋ ಬಂದ ಕಡೆ ಆ ಗೆರೆಗಳೂ ಹೋದವು. ಈ ಗಿಡಕ್ಕೆ ತನ್ನ ಪರಾಗ ತನಗೆ ಆಗದು, ಕಾಳು ಕಟ್ಟಬೇಕಾದರೆ ಇನ್ನೊಂದು ಗಿಡದಿಂದ ಜೇನು ಹೊತ್ತು ತರಲೇಬೇಕು. ಹಾಗಾಗಿ ಒಂಟಿ ಗಿಡ ಬೆಳೆಸಿ ಪ್ರಯೋಜನವಿಲ್ಲ. ಅಗಲವಾದ ಹಳೆಯ ಟಬ್ಬಿನಲ್ಲಿ ಒಂದು ಹಿಡಿ ಚೆಲ್ಲಿ ತೆಳುವಾಗಿ ಮಣ್ಣು ಮುಚ್ಚಿ. ಗೊಬ್ಬರ ಹೆಚ್ಚು ಬೇಡ, ಉಂಡು ಬೆಳೆದ ಗಿಡ ಗಾಳಿಗೆ ಮಲಗುತ್ತದೆ. ಈಗ ಬಿತ್ತಿದರೆ ಆಶ್ಲೇಷಾ ಮಳೆಯ ಹೊತ್ತಿಗೆ ಹೂ.

ಪಕ್ಕದಲ್ಲಿ ಕಾಮಕಸ್ತೂರಿ ಇರಲಿ, ತುಳಸಿಯ ಕದಿರನ್ನು ಮಳೆಗಾಲದ ಮಟ್ಟಿಗಾದರೂ ಚಿವುಟದೆ ಬಿಡಿ. ತುಂಬೆಯನ್ನು ಯಾರೂ ನೆಡಬೇಕಿಲ್ಲ, ಕಳೆ ಎಂದು ಕೀಳದಿದ್ದರೆ ಸಾಕು. ಕರ್ಣಕುಂಡಲ ಹಾಕುವುದಾದರೆ ಒಂದೇ ಸುತ್ತಿನ ಎಸಳಿನ ಹಳೆಯ ತಳಿಯನ್ನೇ ಹುಡುಕಿ. ಅದರ ಹೂವಿನ ಮೇಲೊಂದು ಪುಟ್ಟ ಕೊಡೆ ಇರುತ್ತದೆ, ಪರಾಗ ಸುಲಭಕ್ಕೆ ನೆನೆಯುವುದಿಲ್ಲ.

ಸುತ್ತಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನರ್ಸರಿಯಲ್ಲಿ ಸಾಲಾಗಿ ಜೋಡಿಸಿಟ್ಟ, ಮುಷ್ಟಿಯಷ್ಟು ದಪ್ಪದ ಹೈಬ್ರಿಡ್ ಚೆಂಡುಹೂವನ್ನು ದೇವರ ಮಾಲೆಗೆ ಕೊಳ್ಳಿ, ತಕರಾರಿಲ್ಲ. ಜೇನಿಗಾಗಿ ಕೊಂಡೆ ಎನ್ನಬೇಡಿ. ಎಸಳು ಒತ್ತಾಗಿ ತುಂಬಿದಷ್ಟೂ ನಡುವಿನ ಊಟದ ತಟ್ಟೆ ಚಿಕ್ಕದಾಗುತ್ತದೆ, ಸೊಂಡಿಲು ಇಳಿಯಲು ಜಾಗವೂ ಇರುವುದಿಲ್ಲ. ಪೆಟೂನಿಯಾವನ್ನು ಜೋರು ಮಳೆ ಒಂದೇ ರಾತ್ರಿಗೆ ಕಾಗದದ ಚೂರು ಮಾಡುತ್ತದೆ. ಲಾಲ್‌ಬಾಗಿನ ಆಗಸ್ಟ್ ಪ್ರದರ್ಶನದ ವೈಭವ ಕಂಡು ಮನೆಯಲ್ಲೂ ಹಾಗೇ ಎಂದು ಹೊರಟವರಿಗೆ ಈ ಮಾತು.

ಇನ್ನು ಬದನೆ, ಟೊಮೆಟೊ ಬೆಳೆಯುವವರಿಗೆ. ಈ ಹೂಗಳ ಪರಾಗ ಚೆನ್ನಾಗಿ ಉದುರಲು ಮೈ ನಡುಗಿಸಿ ಗುಂಯ್‌ಗುಡುವ ದುಂಬಿಗಳು ಬೇಕು, ತುಡುವೆಗೆ ಆ ವಿದ್ಯೆ ಬಾರದು. ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನು ಇದರಲ್ಲಿ ನಿಪುಣ. ಅದು ಗೂಡು ಮಾಡುವುದು ಮಣ್ಣಿನಲ್ಲಿ. ಅಂಗಳಕ್ಕೆಲ್ಲ ಟೈಲ್ಸ್ ಹಾಕಿದ ಮನೆಯಲ್ಲಿ ಎಷ್ಟು ಹೂವಿದ್ದರೂ ಅದಕ್ಕೆ ಬಾಣಂತಿಕೋಣೆ ಇಲ್ಲ. ಕಾಂಪೌಂಡಿನ ಅಂಚಿಗೆ ಮಳೆ ನೀರು ನಿಲ್ಲದ ಒಂದು ಮೊಳ ಬರಿ ಮಣ್ಣನ್ನು ಅಗೆಯದೆ ಬಿಟ್ಟುಬಿಡಿ.

ಹುಚ್ಚೆಳ್ಳಿನ ಬೀಜಕ್ಕೆ ಬಣ್ಣದ ಪ್ಯಾಕೆಟ್ ಹುಡುಕಬೇಡಿ. ಚಟ್ನಿಪುಡಿಗೆಂದು ಕಿರಾಣಿ ಅಂಗಡಿಯಲ್ಲಿ ಮಾರುವ ಕಾಳೇ ಆಗುತ್ತದೆ. ಹುರಿದದ್ದಲ್ಲ ತಾನೇ ಎಂದು ಕೇಳಿ ತನ್ನಿ.