ಮೇಳದ ಒಳಹೊಂದಾಣಿಕೆ: ಯಕ್ಷಗಾನ ರಂಗದ ಒಂದು ಅವಲೋಕನ

ಯಕ್ಷಗಾನದ ವಿಮರ್ಶೆ ಬಹುಮಟ್ಟಿಗೆ ವ್ಯಕ್ತಿಕೇಂದ್ರಿತವಾಗಿ ಬೆಳೆದುಬಂದಿದೆ. ಭಾಗವತರ ಕಂಠ, ವೇಷಧಾರಿಯ ಕುಣಿತ, ಅರ್ಥಧಾರಿಯ ವಾಗ್ವೈಖರಿ ಇವು ಬಿಡಿಬಿಡಿಯಾಗಿ ಚರ್ಚೆಗೆ ಒಳಗಾಗಿವೆ. ಆದರೆ ಆಟ ಕಳೆಗಟ್ಟುವುದು ಇವರ ನಡುವಿನ ಕೊಡುಕೊಳೆಯಿಂದ. ಪ್ರಸಂಗದ ಪುಸ್ತಕದಲ್ಲಿರುವುದು ಮುಖ್ಯವಾಗಿ ಪದ್ಯಗಳು. ಮಾತು ರಂಗದ ಮೇಲೆಯೇ ಹುಟ್ಟಬೇಕು. ಬರೆದಿಟ್ಟ ಸಂಭಾಷಣೆಯ ಆಸರೆಯಿಲ್ಲದ ಈ ರಂಗಭೂಮಿ ಇರುಳಿಡೀ ನಡೆದುಬಂದ ಬಗೆಯನ್ನು ಅರಿಯಲು ಮೇಳದ ಒಳರಚನೆಯನ್ನೇ ನೋಡಬೇಕಾಗುತ್ತದೆ.

ಭಾಗವತರನ್ನು 'ಮೊದಲನೆಯ ವೇಷ' ಎನ್ನುವ ರೂಢಿಯುಂಟು. ಅವರ ಅಧಿಕಾರ ಆಲಿಸುವಿಕೆಯಿಂದ ಬಂದದ್ದು. ಮಾತು ಹದ ಮೀರಿತೆಂದು ಕಂಡಾಗ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾರೆ. ಪಾತ್ರಕ್ಕೆ ಹೇಳುವುದು ಉಳಿದಿದೆಯೆಂದು ತಿಳಿದಾಗ ಕಾಯುತ್ತಾರೆ. ಮದ್ದಲೆ, ಚೆಂಡೆಯವರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲಿರುತ್ತದೆ, ವೇಷಧಾರಿಯ ಕಿವಿ ಹಿಮ್ಮೇಳದಲ್ಲಿರುತ್ತದೆ.

ತಾಳಮದ್ದಲೆಯಲ್ಲಿ ಈ ಹೊಂದಾಣಿಕೆಯ ಇನ್ನಷ್ಟು ಸೂಕ್ಷ್ಮವಾದ ನೆಲೆಯೊಂದಿದೆ. ವಾಲಿವಧೆಯ ವಾಲಿ ರಾಮನ ನಡೆಯನ್ನು ನಿಷ್ಠುರವಾಗಿ ಪ್ರಶ್ನಿಸಲೇಬೇಕು. ಹಾಗಿಲ್ಲವಾದರೆ ಸನ್ನಿವೇಶಕ್ಕೆ ಜೀವವಿಲ್ಲ. ಆದರೆ ಕೊನೆಗೆ ಅವನು ರಾಮನಿಗೆ ಮಣಿಯುವವನು. ಆದ್ದರಿಂದ ವಾಲಿಯ ಅರ್ಥಧಾರಿ ಎದುರಾಳಿಗೆ ಉತ್ತರದ ಎಡೆಯುಳಿಸಿಯೇ ವಾದಿಸಬೇಕಾಗುತ್ತದೆ; ರಾಮನ ಅರ್ಥಧಾರಿಯೂ ಆ ಪ್ರಶ್ನೆಗಳನ್ನು ತಳ್ಳಿಹಾಕದೆ ಅವುಗಳ ಭಾರವನ್ನು ಹೊರಬೇಕಾಗುತ್ತದೆ. ಇಲ್ಲಿ ಒಬ್ಬನೇ ಗೆದ್ದರೆ ಪ್ರಸಂಗ ಸೋಲುತ್ತದೆ. ಪಾಂಡಿತ್ಯದ ಹೆಸರಿನಲ್ಲಿ ಹೀಗೆ ಸೋತ ಕೂಟಗಳು ಕಡಿಮೆಯೇನಲ್ಲ.

ಈ ವಿವೇಕದ ಪಾಠಶಾಲೆ ಪೂರ್ವರಂಗವಾಗಿತ್ತು. ಎಳೆಯ ಕಲಾವಿದ ಕೋಡಂಗಿಯಾಗಿ, ಬಾಲಗೋಪಾಲನಾಗಿ ರಂಗವೇರಿ, ಬಳಿಕ ಚೌಕಿಯಲ್ಲಿದ್ದುಕೊಂಡು ಬೆಳಗಿನವರೆಗೆ ಹಿರಿಯರ ವೇಷಗಳನ್ನು ಕಾಣುತ್ತಿದ್ದ. ಕಿರಿಯ ವೇಷಗಳನ್ನು ದಾಟಿ ಬಂದವನಿಗೆ ಎದುರಿನ ಪಾತ್ರದ ಅಗತ್ಯವೇನೆಂಬುದು ಅನುಭವದಿಂದ ತಿಳಿದಿರುತ್ತಿತ್ತು. ಕಾಲಮಿತಿಯ ಪ್ರದರ್ಶನಗಳಲ್ಲಿ ಮೊದಲು ಕತ್ತರಿ ಬಿದ್ದದ್ದು ಈ ಭಾಗಕ್ಕೇ.

'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರ ಪ್ರಯೋಗಗಳು ಹಿಡಿದದ್ದು ಬೇರೆ ದಾರಿ. ಅವರು ಮಾತನ್ನು ಕೈಬಿಟ್ಟು, ಪಿಟೀಲು ಹಾಗೂ ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ತಂದರು. ಬಿಗಿ, ಸೌಷ್ಠವಗಳು ಲಭಿಸಿದವು, ನಿಜ. ಆದರೆ ಮೇಳವನ್ನು ಹಿಡಿದಿಡುವ ಸೂತ್ರ ರಂಗದ ಮೇಲಣ ಭಾಗವತರಿಂದ ರಂಗದಾಚೆಯ ನಿರ್ದೇಶಕರ ಕೈಗೆ ಸರಿಯಿತು. ಕಲಾವಿದರು ಪರಸ್ಪರ ಆಲಿಸುವ ಅನಿವಾರ್ಯತೆ ಅಷ್ಟರಮಟ್ಟಿಗೆ ಕುಗ್ಗಿತೆನ್ನಬೇಕು.

ಇಂದು ಅತಿಥಿ ಕಲಾವಿದರನ್ನು ಒಂದು ರಾತ್ರಿಗೆಂದು ಕಲೆಹಾಕುವ ಆಟಗಳಲ್ಲಿ ಬಿಡಿ ವೇಷಗಳಿಗೆ ಚಪ್ಪಾಳೆ ದೊರೆತರೂ ಪ್ರಸಂಗ ಮುಂದೆ ಸಾಗದಿರುವುದುಂಟು. ಪೂರ್ವರಂಗದ ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸಿದರೆ ಅದರ ಹೆಜ್ಜೆಗಾರಿಕೆ ಉಳಿದೀತು. ಆದರೆ ಹೆಜ್ಜೆ ಕಲಿತ ಹುಡುಗ ಅನಂತರ ಚೌಕಿಯಲ್ಲಿ ಬೆಳಗಿನವರೆಗೆ ಕೂರುವ ಅವಕಾಶವನ್ನು ಆ ಪ್ರಾತ್ಯಕ್ಷಿಕೆಗಳು ಒದಗಿಸುವುದಿಲ್ಲ.