ಹಾರ್ನಿಮನ್ ವೃತ್ತದ ಕೈಸಾಲೆ

ಮುಂಬಯಿಯ ಕೋಟೆ ಪ್ರದೇಶದಲ್ಲಿರುವ ಹಾರ್ನಿಮನ್ ವೃತ್ತವನ್ನು ಇಂಗ್ಲೆಂಡಿನ ಬಾತ್ ನಗರದ ಜಾರ್ಜಿಯನ್ ಮನೆಸಾಲುಗಳ ಪಡಿಯಚ್ಚೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಇಲ್ಲಿನ ಕಟ್ಟಡಗಳಲ್ಲಿ ಯಾವುದು ನಿಜವಾಗಿ ಮೆಚ್ಚತಕ್ಕದ್ದೋ ಅದೇ ನಮ್ಮ ಕಣ್ಣು ತಪ್ಪುತ್ತದೆ.

ಮೊದಲು ಮೂಲವನ್ನು ನೋಡೋಣ. ಹಿರಿಯ ಜಾನ್ ವುಡ್ಡನ ಯೋಜನೆಯಂತೆ ಬಾತಿನಲ್ಲಿ 1754ರಲ್ಲಿ ಆರಂಭವಾದ 'ಸರ್ಕಸ್' ಎಂಬ ಮನೆಗಳ ವರ್ತುಲವು ಅವನ ಮಗನಿಂದ 1768ರಲ್ಲಿ ಪೂರ್ಣವಾಯಿತು. ಮೂರು ಬಾಗಿದ ಸಾಲುಗಳು, 33 ಮನೆಗಳು. ಕೆಳಗಿನಿಂದ ಮೇಲಕ್ಕೆ ಡೋರಿಕ್, ಅಯೋನಿಕ್, ಕೊರಿಂಥಿಯನ್ ಕಂಬಗಳ ಕ್ರಮ. ಅದರ ಸಮೀಪದಲ್ಲೇ ಮಗನು 1767ರಲ್ಲಿ ತೊಡಗಿದ 'ರಾಯಲ್ ಕ್ರೆಸೆಂಟ್' ಅರ್ಧಚಂದ್ರಾಕಾರದಲ್ಲಿ ನಿಂತ 30 ಮನೆಗಳ ಸಾಲು. ದೂರದಿಂದ ಅದು ಒಂದೇ ಅರಮನೆ. ಆದರೆ ಮಗ ವುಡ್ ರೂಪಿಸಿದ್ದು ಮುಖಭಿತ್ತಿಯನ್ನು ಮಾತ್ರ. ಕೊಂಡವರು ಆ ಭಿತ್ತಿಯ ಒಂದೊಂದು ಭಾಗವನ್ನು ಪಡೆದು, ಅದರ ಹಿಂದೆ ತಮತಮಗೆ ತೋಚಿದಂತೆ ಮನೆ ಕಟ್ಟಿಸಿಕೊಂಡರು. ಹಿತ್ತಿಲ ಕಡೆಯಿಂದ ನೋಡಿದರೆ ಛಾವಣಿಗಳು ಒಂದರಂತೆ ಒಂದಿಲ್ಲ.

ಮುಂಬಯಿಯ ಕಥೆ ಬೇರೆ. ಟೌನ್ ಹಾಲಿನ ಎದುರಿಗೆ 'ಬಾಂಬೆ ಗ್ರೀನ್' ಎಂಬ ಬಯಲಿತ್ತು. ಹತ್ತಿಯ ಮೂಟೆಗಳು ಅಲ್ಲಿ ರಾಶಿ ಬೀಳುತ್ತಿದ್ದವು. ಈ ಬಯಲನ್ನು ಸುತ್ತುವರಿದು ಒಂದೇ ರೂಪದ ಕಟ್ಟಡಗಳನ್ನು ನಿಲ್ಲಿಸಬೇಕೆಂದು ಸೂಚಿಸಿದವನು ಶಿಲ್ಪಿಯಲ್ಲ, ಪೊಲೀಸ್ ಕಮಿಷನರನಾಗಿದ್ದ ಚಾರ್ಲ್ಸ್ ಫೋರ್ಜೆಟ್. ಗವರ್ನರರಾದ ಎಲ್ಫಿನ್‌ಸ್ಟನ್ ಮತ್ತು ಬಾರ್ಟಲ್ ಫ್ರಿಯರ್ ಅದಕ್ಕೆ ಬೆಂಬಲವಿತ್ತರು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿ ನಗರಕ್ಕೆ ಹಣ ಹರಿದುಬಂದ ಕಾಲವದು. ನಿವೇಶನಗಳು ವ್ಯಾಪಾರಿ ಸಂಸ್ಥೆಗಳ ಪಾಲಾದವು. ನಡುವಣ ಉದ್ಯಾನ 1872ರ ವೇಳೆಗೆ ಸಿದ್ಧವಾಯಿತು. ಎಲ್ಫಿನ್‌ಸ್ಟನ್ ಹೆಸರಿನ ಆ ವೃತ್ತಕ್ಕೆ, 1919ರಲ್ಲಿ ಗಡೀಪಾರಾದ 'ಬಾಂಬೆ ಕ್ರಾನಿಕಲ್' ಸಂಪಾದಕ ಬಿ. ಜಿ. ಹಾರ್ನಿಮನ್ನರ ಹೆಸರು ಸ್ವಾತಂತ್ರ್ಯಾನಂತರ ಬಂದಿತು.

ಕಾಲದೃಷ್ಟಿಯಿಂದ ಇದು ವಿಕ್ಟೋರಿಯಾ ರಾಣಿಯ ಯುಗದ ಕೆಲಸ. ಜಾರ್ಜಿಯನ್ ಅಭಿರುಚಿಯ ಕಡೆಯ ಕುಡಿ ಬೇಕಾದರೆ ಎದುರಿಗಿರುವ, 1833ರಲ್ಲಿ ಮುಗಿದ, ಡೋರಿಕ್ ಕಂಬಗಳ ಟೌನ್ ಹಾಲನ್ನೇ ನೋಡಬೇಕು. ಆ ಗಂಭೀರ ಸರಳತೆಯ ಮುಂದೆ ವೃತ್ತದ ಮೇಲಂತಸ್ತುಗಳ ಇಟಲಿಯ ಮಾದರಿಯ ಅಲಂಕಾರ ನನಗೆ ತುಸು ವಾಚಾಳಿಯೆನಿಸುತ್ತದೆ. ಬಾತಿನಿಂದ ಬಂದದ್ದು ನಕ್ಷೆಯೊಂದೇ.

ಬಾತಿನಲ್ಲಿಲ್ಲದೆ ಇಲ್ಲಿರುವುದು ಕೆಳಗಿನ ಕಮಾನುಗಳ ಸಾಲು. ಜೋಗೇಶ್ವರಿಯಿಂದ ರೈಲಿನಲ್ಲಿ ಚರ್ಚ್‌ಗೇಟಿಗೆ ಬಂದು, ಕಛೇರಿಗೆಂದು ವರ್ಷಗಟ್ಟಲೆ ಅದರಡಿ ನಡೆದವನು ನಾನು. ಆಷಾಢದ ಮಳೆಯಲ್ಲಿ ಕೊಡೆ ಮಡಿಸಿ, ವೈಶಾಖದ ಬಿಸಿಲಲ್ಲಿ ಬೆವರೊರಸಿಕೊಂಡು ಸಾಗುವವನಿಗೆ ಅದು ನಮ್ಮ ದೇವಾಲಯಗಳ ಕೈಸಾಲೆಯೇ ಸರಿ. ಇಂಗ್ಲೆಂಡಿನವನು ಚಳಿಗಂಜಿ ಬಿಸಿಲಿಗೆ ಮುಖವೊಡ್ಡಿದನು. ಅವನ ನಕ್ಷೆ ಇಲ್ಲಿಗೆ ಬಂದಾಗ ನೆರಳನ್ನು ಕಲಿಯಬೇಕಾಯಿತು. ಅಲ್ಲದೆ ಬಾತಿನ ಸಮಾನ ಮುಖಭಿತ್ತಿ ನೋಡುವವರಿಗೆ; ಇಲ್ಲಿನದು ನಡೆಯುವವರಿಗೆ. ಒಳಗೆ ಯಾರ ಕಛೇರಿಯಾದರೂ ಇರಲಿ, ಕಮಾನಿನಡಿಯ ದಾರಿ ಯಾರನ್ನೂ ಹೆಸರು ಕೇಳುವುದಿಲ್ಲ.

ಈ ವಿಚಾರವನ್ನು ನಾನು ಈಗ ಎತ್ತಿದ್ದಕ್ಕೆ ಕಾರಣ ಮನೆಯ ಹತ್ತಿರದ್ದೇ. ಜೋಗೇಶ್ವರಿಯಲ್ಲಿ ಹಳೆಯ ಚಾಳುಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ಸೋರುವ ಛಾವಣಿಯಡಿ ಬಾಳಿದವರಿಗೆ ಹೊಸ ಮನೆ ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಹೊಸ ನಕ್ಷೆಗಳಲ್ಲಿ ಒಳಮನೆಯ ಕಾರ್ಪೆಟ್ ಏರಿಯಾವನ್ನು ಚದರಡಿಯ ಲೆಕ್ಕದಲ್ಲಿ ಕಾಣಿಸಿರುತ್ತಾರೆ. ಚಾಳಿನ ಉದ್ದನೆಯ ಗ್ಯಾಲರಿಗೆ ಬದಲಾಗಿ ಏನು ಬರುವುದೆಂಬುದು ಕಾಣುವುದಿಲ್ಲ. ಸಾಲಕ್ಕಾಗಿ ಬಂದ ಇಂಥ ಎಷ್ಟೋ ನಕ್ಷೆಗಳನ್ನು ನಾನೇ ಪರಿಶೀಲಿಸಿದ್ದೇನೆ. ಆಸ್ತಿಯ ಮೌಲ್ಯ ಬರೆಯುವಾಗ ಗ್ಯಾಲರಿಯ ಬಗ್ಗೆ ಒಂದು ಸಾಲನ್ನೂ ನಾನು ಬರೆದವನಲ್ಲ.

1995ರ ನಿಯಮಾವಳಿಯಿಂದ ಮುಂಬಯಿಯ ಪಾರಂಪರಿಕ ಕಟ್ಟಡಗಳಿಗೆ ಕಾನೂನಿನ ಆಸರೆ ದೊರೆತಿದೆ. ಚಾಳಿನ ಗ್ಯಾಲರಿಗೆ ಅಂಥ ಆಸರೆ ದೊರೆಯಲಾರದು, ಅದನ್ನು ಕೇಳುವುದೂ ಸಾಧುವಲ್ಲ. ಕೇಳಬಹುದಾದದ್ದು ಇಷ್ಟೆ: ಹೊಸ ಕಟ್ಟಡದ ಪ್ರತಿ ಅಂತಸ್ತಿನಲ್ಲಿ, ನಾಲ್ಕು ಮನೆಗಳ ಬಾಗಿಲುಗಳ ಮುಂದೆ, ಇಬ್ಬರು ಕುರ್ಚಿ ಹಾಕಿ ಕುಳಿತರೂ ಮೂರನೆಯವನು ನಡೆದುಹೋಗುವಷ್ಟು ಅಗಲ. ನಮ್ಮ ಓಣಿಯ ಸದಸ್ಯರ ಮುಂದಿನ ಸಭೆಗೆ ಈ ಸೂಚನೆಯನ್ನು ಬರೆದು ಕೊಟ್ಟಿದ್ದೇನೆ.