ವರ ಕೇಳದ ಅಸುರ

ರಕ್ತಬೀಜನ ಯುದ್ಧವನ್ನು ಗೇಮು ಕಟ್ಟುವವರ ಕಣ್ಣಿನಿಂದ ಒಮ್ಮೆ ನೋಡಬೇಕು. ಅವನ ಮೈಯಿಂದ ನೆಲಕ್ಕೆ ಬಿದ್ದ ಹನಿ ಹನಿ ರಕ್ತಕ್ಕೂ ಅವನಷ್ಟೇ ಬಲಶಾಲಿಯಾದ ಇನ್ನೊಬ್ಬ ಏಳುತ್ತಾನೆ. ಮಾತೃಕೆಯರು ಹೊಡೆದಷ್ಟೂ ರಣರಂಗದಲ್ಲಿ ರಕ್ತಬೀಜರೇ ತುಂಬುತ್ತಾರೆ. ಹೊಡೆತ ಜೋರಾದಷ್ಟೂ ಸಂಕಟ ಹೆಚ್ಚು. ಕೊನೆಗೆ ದೇವಿಯ ಮಾತಿನಂತೆ ಚಾಮುಂಡೆ ಬಾಯಗಲಿಸಿ, ರಕ್ತ ನೆಲ ಮುಟ್ಟುವ ಮೊದಲೇ ಕುಡಿದು ಮುಗಿಸುತ್ತಾಳೆ. ಅವಳನ್ನು ಗೆಲ್ಲಿಸಿದ್ದು ಶತ್ರುವಿನ ನಿಯಮವನ್ನು ಅರ್ಥಮಾಡಿಕೊಂಡ ಬುದ್ಧಿ. ಇಂದು ಗೇಮು ಆಡುವ ಹುಡುಗರು ಬಾಸ್ ಫೈಟ್ ಎನ್ನುವುದು ಇದಕ್ಕೇ.

ನಮ್ಮ ಪುರಾಣಗಳ ದೊಡ್ಡ ಅಸುರರೆಲ್ಲ ಹೆಚ್ಚುಕಡಿಮೆ ಹೀಗೆಯೇ ರೂಪುಗೊಂಡವರು. ಅವರ ಬಲ ಬಂದದ್ದು ವರದಿಂದ, ವರಕ್ಕೊಂದು ಷರತ್ತು, ಆ ಷರತ್ತಿನೊಳಗೆ ಬೇಡಿದವನ ಸ್ವಭಾವ. ಹಗಲು ಬೇಡ ರಾತ್ರಿ ಬೇಡ, ಒಳಗೆ ಬೇಡ ಹೊರಗೆ ಬೇಡ, ಮನುಷ್ಯ ಬೇಡ ಮೃಗ ಬೇಡ ಎಂದು ಸಾವಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುವ ಹಿರಣ್ಯಕಶಿಪುವಿನಲ್ಲಿ ಸೋದರನನ್ನು ಕಳೆದುಕೊಂಡವನ ಭಯ ಕೇಳಿಸುತ್ತದೆ. ದೇವ, ದಾನವ, ಯಕ್ಷ, ನಾಗರೆಲ್ಲರಿಂದ ರಕ್ಷಣೆ ಬೇಡುವ ರಾವಣ ಮನುಷ್ಯರ ಹೆಸರನ್ನೇ ಎತ್ತುವುದಿಲ್ಲ. ಅವರನ್ನು ಹುಲ್ಲುಕಡ್ಡಿಯಂತೆ ಕಂಡವನು ಆ ತಾತ್ಸಾರದಿಂದಲೇ ಸಾಯುತ್ತಾನೆ. ಭಸ್ಮಾಸುರನಿಗೆ ವರವನ್ನು ಪರೀಕ್ಷಿಸಲು ಒಂದು ಗಳಿಗೆಯ ತಾಳ್ಮೆಯೂ ಇಲ್ಲ. ವರದಲ್ಲಿ ಎಲ್ಲಿ ಬಿರುಕು ಉಳಿಯಿತೋ ಅಲ್ಲೇ ಆ ಪಾತ್ರದ ಗುಣವೂ ದೋಷವೂ ಇವೆ. ಕಥೆ ಹೇಳಲು ಇಷ್ಟು ಸಾಕು, ಗೇಮು ಕಟ್ಟಲು ಇದಕ್ಕಿಂತ ಹೆಚ್ಚು ಬೇಡ. ಹೀಗಿದ್ದೂ ನಮ್ಮ ನೆಲದಲ್ಲಿ ತಯಾರಾದ ಗೇಮುಗಳು ಈ ಆಸ್ತಿಯನ್ನು ಏಕೆ ಕೈಬಿಟ್ಟವು ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಹೈದರಾಬಾದಿಗಿಂತ ತಕ್ಕ ಊರಿಲ್ಲ.

ಭಾರತದಲ್ಲೇ ತಯಾರಾದ ಮೊದಲ ಪ್ಲೇಸ್ಟೇಷನ್ 2 ಗೇಮು ಎಂದು ಹೆಸರಾದ 'ಹನುಮಾನ್: ಬಾಯ್ ವಾರಿಯರ್' ಹೊರಬಂದದ್ದು 2009ರಲ್ಲಿ. ಅದನ್ನು ಕಟ್ಟಿದ್ದು ಹೈದರಾಬಾದಿನ ಅರೋನಾ ಟೆಕ್ನಾಲಜೀಸ್. ಗೇಮಿಗಿಂತ ಹೆಚ್ಚು ಸುದ್ದಿಯಾದದ್ದು ಅದರ ಸುತ್ತಲಿನ ಗಲಾಟೆ. ಅಮೆರಿಕದ ಹಿಂದೂ ಮುಖಂಡ ರಾಜನ್ ಝೆಡ್, ಆರಾಧ್ಯ ದೈವವನ್ನು ಗುಂಡಿ ಒತ್ತಿ ಆಡಿಸುವುದು ತಪ್ಪು, ಗೇಮನ್ನು ಹಿಂತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ಆ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಬಯಲಾಟದ ಕಲಾವಿದ ಹನುಮಂತನ ಮುಡಿ ಕಟ್ಟಿ ಕುಣಿಯುವುದು, ತೊಗಲುಗೊಂಬೆಯವರು ರಾಮನನ್ನು ಕೋಲಿನಿಂದ ಆಡಿಸುವುದು ನಮಗೆಂದೂ ಅಪಚಾರವಾಗಿ ಕಂಡಿಲ್ಲ. ಆದರೂ ಅಂಥ ಒತ್ತಡ ಗೇಮು ಕಟ್ಟುವವರ ಕೈ ಕಟ್ಟುವುದು ನಿಜ. ದೇವರಿಗೆ ದೌರ್ಬಲ್ಯ ಕೊಡುವಂತಿಲ್ಲ, ಸೋಲಿಸುವಂತಿಲ್ಲ, ತಪ್ಪು ಮಾಡಿಸುವಂತಿಲ್ಲ. ಹೀಗಿರುವಾಗ ಬರೆಯುವವನಿಗೆ ಸ್ವಾತಂತ್ರ್ಯ ಉಳಿಯುವುದು ಅಸುರನ ಪಾಳಯದಲ್ಲಿ.

ಆ ಪಾಳಯಕ್ಕೆ ಧೈರ್ಯವಾಗಿ ಕಾಲಿಟ್ಟ ಗೇಮು 'ಅಸುರ'. ಹೈದರಾಬಾದಿನ ಸಣ್ಣ ತಂಡ ಓಗರ್ ಹೆಡ್ ಸ್ಟುಡಿಯೊ ಅದನ್ನು 2017ರಲ್ಲಿ ಸ್ಟೀಮ್ ವೇದಿಕೆಗೆ ತಂದಿತು. ಮೇಲಿನಿಂದ ಕೆಳಗೆ ನೋಡುವ ಕೋನ, ಕತ್ತಿಯ ಹೋರಾಟ, ಭಾರತೀಯ ಪುರಾಣಗಳ ನೆರಳಿನಲ್ಲಿ ಹುಟ್ಟಿದ ಲೋಕ, ಸೇಡಿಗೆ ಹೊರಟ ಅರ್ಧ ಮಾನವ ಅರ್ಧ ದಾನವ ನಾಯಕ. ಪ್ರತಿ ಸಲ ಆಡಲು ಕೂತಾಗಲೂ ನೆಲಮಾಳಿಗೆ ಬೇರೆ, ಶತ್ರುಗಳ ಜೋಡಣೆ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ನಾಯಕನ ಕೌಶಲಗಳನ್ನು ಆರಿಸಿಕೊಳ್ಳುವ ಸ್ಕಿಲ್ ಟ್ರೀ ಬೇರೆ. ಸತ್ತರೆ ಮೊದಲಿನಿಂದ ಶುರು. ಈ ಕೊನೆಯ ಎರಡು ಅಂಶಗಳಲ್ಲಿ ನಿಜವಾದ ಕಸುಬಿದೆ. ಕೈಗೆ ಬಂದದ್ದನ್ನೇ ನೆಚ್ಚಿ ಬದುಕಬೇಕಾದ ಒತ್ತಡ ಆಡುವವನನ್ನು ಎಚ್ಚರದಲ್ಲಿಡುತ್ತದೆ. ದೊಡ್ಡ ಬಂಡವಾಳವಿಲ್ಲದೆ, ಪುರಾಣದ ಕ್ಯಾಲೆಂಡರ್ ಚಿತ್ರಗಳನ್ನು ನಕಲು ಮಾಡದೆ, ತನ್ನದೇ ಗೆರೆ ಬಣ್ಣಗಳಲ್ಲಿ ಒಂದು ಲೋಕ ಕಟ್ಟಿದ ತಂಡಕ್ಕೆ ನನ್ನ ಮನಸಾರೆ ಗೌರವವಿದೆ.

ಆ ಗೌರವವಿಟ್ಟುಕೊಂಡೇ ಹೇಳುತ್ತೇನೆ: 'ಅಸುರ'ದಲ್ಲಿ ಕೊರತೆಯಾಗಿರುವುದು ಅಸುರನೇ. ನಾಯಕನ ಅರ್ಧ ರಕ್ತ ದಾನವರದು ಎಂಬ ಸಂಗತಿ ಅವನ ರೂಪದಲ್ಲಿದೆ, ಕಥೆಯ ಪೀಠಿಕೆಯಲ್ಲಿದೆ. ಆಡುವ ಕೈಗೆ ಮಾತ್ರ ಅದು ತಾಗುವುದಿಲ್ಲ. ಮನುಷ್ಯನಾಗಿದ್ದರೆ ಮಾಡಲಾರದ ಯಾವ ಆಯ್ಕೆಯನ್ನು ದಾನವ ರಕ್ತ ಅವನಿಂದ ಮಾಡಿಸುತ್ತದೆ? ಅವನಿಗೆ ಏನು ನಿಷಿದ್ಧ, ಯಾವುದರ ಹಸಿವು? ಇದಕ್ಕೆ ಗೇಮಿನಿಂದ ಉತ್ತರ ಬರುವುದಿಲ್ಲ.

ಇದು ಸಾಧ್ಯವಿಲ್ಲದ ಬೇಡಿಕೆಯೇನೂ ಅಲ್ಲ ಎನ್ನಲು ಪರದೇಶಗಳ ಗೇಮುಗಳನ್ನು ನೋಡಿದರೆ ಸಾಕು. ವಿಜ್ಞಾನವನ್ನೂ ಮಂತ್ರವನ್ನೂ ಒಂದೇ ಕಣದಲ್ಲಿ ಬೆರೆಸುವ ಸೈನ್ಸ್ ಫ್ಯಾಂಟಸಿ ಪ್ರಕಾರದಲ್ಲಿ ಕತ್ತಲ ದೇವರುಗಳಿಗೆ ಅತಿ ಹೆಚ್ಚು ಪ್ರಸಿದ್ಧಿ ತಂದದ್ದು ಬ್ರಿಟನ್ನಿನ 'ವಾರ್‌ಹ್ಯಾಮರ್ 40,000'. ಮೇಜಿನ ಮೇಲೆ ಪುಟ್ಟ ಗೊಂಬೆಗಳಿಟ್ಟು ದಾಳ ಹಾಕಿ ಆಡುವ ಈ ಯುದ್ಧದಾಟ 1987ರಲ್ಲಿ ಶುರುವಾಯಿತು. ಅದರ ಕತ್ತಲ ದೇವರುಗಳ ಚರಿತ್ರೆಯನ್ನು ವಿಸ್ತಾರವಾಗಿ ಬರೆದ ಎರಡು ಸಂಪುಟಗಳು 1988 ಮತ್ತು 1990ರಲ್ಲಿ ಬಂದವು. ಅಲ್ಲಿನ ಕಲ್ಪನೆ ಗಂಭೀರವಾದದ್ದು. ಮರ್ತ್ಯರ ಭಾವಗಳೇ ಇನ್ನೊಂದು ಲೋಕದಲ್ಲಿ ಹೆಪ್ಪುಗಟ್ಟಿ ದೇವರುಗಳಾಗಿವೆ. ಕೋಪದಿಂದ ಕಾರ್ನ್, ಬದಲಾವಣೆಯ ಆಸೆಯಿಂದ ಹಾಗೂ ಸಂಚಿನಿಂದ ಝೀಂಚ್, ಹತಾಶೆಯಿಂದ ನರ್ಗಲ್, ಅತಿಭೋಗದಿಂದ ಸ್ಲಾನೆಶ್. ಕಾರ್ನ್‌ಗೆ ರಕ್ತ ಬೇಕು, ಆದರೆ ಮಾಟಮಂತ್ರ ಕಂಡರೆ ಹೇಸಿಗೆ. ಹಾಗಾಗಿ ಅವನ ಸೈನ್ಯದಲ್ಲಿ ಮಾಂತ್ರಿಕರೇ ಇಲ್ಲ. ದೇವರ ಗುಣ ಇಲ್ಲಿ ನೇರವಾಗಿ ಆಟದ ಕಟ್ಟಳೆಯಾಯಿತು. ಝೀಂಚ್‌ನ ಗುಲಾಬಿ ಬಣ್ಣದ ಭೂತವನ್ನು ಕೊಂದರೆ ಅದು ಒಡೆದು ಎರಡು ನೀಲಿ ಭೂತಗಳಾಗುತ್ತದೆ. ರಕ್ತಬೀಜನ ದೂರದ ನೆಂಟ ಎನ್ನಬಹುದು.

ಈ ನಾಲ್ವರಲ್ಲಿ ನನ್ನನ್ನು ಹಿಡಿದಿಟ್ಟವನು ನರ್ಗಲ್. ರೋಗದ ದೇವರು, ಮೈಯೆಲ್ಲ ಕೊಳೆತವನು, ಆದರೆ ಮುಖದಲ್ಲಿ ಅಜ್ಜನ ಅಕ್ಕರೆ. ಭಕ್ತರಿಗೆ ಹುಣ್ಣು ಕೊಡುತ್ತಾನೆ, ಜೊತೆಗೆ ನೋವು ತಿಳಿಯದಂತೆಯೂ ಮಾಡುತ್ತಾನೆ. ಸಾಯಲಾರದೆ ಬದುಕಲಾರದೆ ಒದ್ದಾಡುವವರು ಅವನ ಮೊರೆ ಹೋಗುವುದೇಕೆ ಎಂದು ಓದುಗನಿಗೆ ಥಟ್ಟನೆ ಅರ್ಥವಾಗುತ್ತದೆ, ಅರ್ಥವಾದದ್ದಕ್ಕೆ ಮೈ ನಡುಗುತ್ತದೆ. ಕೆಡುಕಿನ ದೇವರನ್ನು ಬರೆಯುವ ಕಲೆಯೆಂದರೆ ಇದು: ಅವನ ಹತ್ತಿರ ಹೋಗಲು ಒಂದು ಕಾರಣ ಇರಬೇಕು. ಸ್ಲಾನೆಶ್ ವಿಷಯದಲ್ಲಿ ಅದೇ ಬರಹಗಾರರು ಬಹಳ ಸಲ ಸೋತಿದ್ದಾರೆ. ಪರಿಪೂರ್ಣತೆಯ ಹಂಬಲ ಮಿತಿಮೀರಿದಾಗ ಏನಾಗುತ್ತದೆ ಎಂಬ ಆಳವಾದ ವಸ್ತು ಬರೀ ಮೈಮಾಟದ ಪ್ರದರ್ಶನವಾಗಿ ತೆಳುವಾಗಿದೆ. ದಶಕಗಳು ಕಳೆದರೂ ಈ ನಾಲ್ವರಲ್ಲಿ ಯಾರೂ ಪಶ್ಚಾತ್ತಾಪಪಡುವುದಿಲ್ಲ, ಬದಲಾಗುವುದಿಲ್ಲ ಎಂಬುದು ಇನ್ನೊಂದು ಮಿತಿ.

ನಮ್ಮ ದೇವತೆಗಳ ಹೆಸರುಗಳನ್ನೇ ಎತ್ತಿಕೊಂಡ ಜಪಾನಿನ ಎರಡು ಗೇಮುಗಳು ಈ ಮಿತಿಯನ್ನು ದಾಟುತ್ತವೆ. 2012ರ 'ಅಸುರಾಸ್ ರ‍್ಯಾತ್' ಲೋಹದ ಮೈಯ ದೇವತೆಗಳು, ಆಕಾಶನೌಕೆಗಳು, ಬ್ರಹ್ಮಾಸ್ತ್ರವೆಂಬ ಮಹಾಯಂತ್ರ ಇವನ್ನೆಲ್ಲ ಕೂಡಿಸಿ ಕಟ್ಟಿದ ಅಬ್ಬರದ ಕಥೆ. ಅಲ್ಲಿ ದೇವರೆನಿಸಿಕೊಂಡವರು ಲೋಕರಕ್ಷಣೆಯ ಹೆಸರಿನಲ್ಲಿ ಮನುಷ್ಯರ ಜೀವಗಳನ್ನು ಇಂಧನವಾಗಿ ಕೂಡಿಡುತ್ತಾರೆ. ಮಗಳನ್ನು ಕಳೆದುಕೊಂಡ ಅಸುರ ಅವರ ವಿರುದ್ಧ ಏಳುತ್ತಾನೆ. ಅವನ ಶಕ್ತಿಯ ಮೂಲವೇ ಕೋಪ. ಅದೇ ಅವನನ್ನು ಸುಡುವುದೂ ಹೌದು. ಆಟಕ್ಕಿಂತ ನೋಟವೇ ಹೆಚ್ಚಾಯಿತು ಎಂಬ ದೂರು ಸರಿಯೇ, ಆದರೆ ಗುಣ ಮತ್ತು ಬಲ ಒಂದೇ ಬೇರಿನಿಂದ ಬರಬೇಕು ಎಂಬ ಪಾಠ ಅದಕ್ಕೆ ಗೊತ್ತು.

2004ರ 'ಡಿಜಿಟಲ್ ಡೆವಿಲ್ ಸಾಗಾ' ಇನ್ನೂ ಮೇಲಿನ ಕೃತಿ. ಜಂಕ್‌ಯಾರ್ಡ್ ಎಂಬ ಮಳೆಸುರಿಯುವ ಲೋಕದ ಯೋಧರ ಮೈಮೇಲೆ ಒಂದು ದಿನ ಹಚ್ಚೆಗಳು ಮೂಡುತ್ತವೆ. ಅವರು ವಾಯು, ಅಗ್ನಿ, ಪೃಥ್ವಿಯಂಥ ಹೆಸರುಗಳ ರಾಕ್ಷಸ ರೂಪ ತಾಳಬಲ್ಲವರಾಗುತ್ತಾರೆ. ಜೊತೆಗೊಂದು ಹಸಿವು ಬರುತ್ತದೆ. ಶತ್ರುಗಳನ್ನು ತಿನ್ನದಿದ್ದರೆ ಬುದ್ಧಿ ಕೆಡುತ್ತದೆ. ಆಡುವವನೂ ತಿನ್ನುತ್ತಾನೆ, ತಿಂದರೆ ಹೊಸ ವಿದ್ಯೆ ಬೇಗ ಕೈಗೂಡುತ್ತದೆ. ಅತಿಯಾಗಿ ತಿಂದರೆ ಹೊಟ್ಟೆನೋವು ಬಂದು ಕಲಿಕೆ ಕುಂಠಿತ. ತಿನ್ನಲಾರೆ ಎಂದು ಅಳುವ ಆರ್ಜಿಲಾ ಎಂಬ ಹೆಣ್ಣಿನ ಸಂಕಟ ಕಥೆಯಲ್ಲಿ ನಡೆಯುತ್ತಿರುವಾಗ ನಮ್ಮ ಬೆರಳು ಅದೇ ಕೆಲಸವನ್ನು ಲಾಭಕ್ಕಾಗಿ ಮಾಡುತ್ತಿರುತ್ತದೆ. ರಾಕ್ಷಸತ್ವ ಎಂದರೇನೆಂದು ಉಪದೇಶವಿಲ್ಲದೆ ಇಷ್ಟು ಪ್ರಾಮಾಣಿಕವಾಗಿ ತಿಳಿಸಿದ ಇನ್ನೊಂದು ಗೇಮನ್ನು ನಾನು ಕಂಡಿಲ್ಲ.

ಹೊರಗಿನವರೆಲ್ಲ ಹೀಗೆ ಕಣ್ಣು ತೆರೆದೇ ನೋಡಿದರು ಎನ್ನಲಾಗದು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ 1977ರ ತನ್ನ ರಾಕ್ಷಸಕೋಶದಲ್ಲಿ ನಮ್ಮ ರಾಕ್ಷಸರನ್ನು ಸೇರಿಸಿಕೊಂಡಾಗ ಹುಲಿಮುಖ ಕೊಟ್ಟು, ಪಾದ್ರಿ ಮಂತ್ರಿಸಿದ ಬಾಣ ತಗುಲಿದರೆ ಸಾಯುತ್ತಾರೆಂದು ಬರೆಯಿತು. ಆ ಬಾಣ ಬಂದದ್ದು ಅಮೆರಿಕದ ಟಿವಿ ಧಾರಾವಾಹಿಯೊಂದರಿಂದ, ನಮ್ಮ ಯಾವ ಕಥೆಯಿಂದಲೂ ಅಲ್ಲ.

ರಾಕ್ಷಸ ಪಾತ್ರವನ್ನು ರಂಗದ ಮೇಲೆ ಕಟ್ಟುವ ವಿದ್ಯೆ ಕನ್ನಡದಲ್ಲಿ ಎಷ್ಟು ಮುಂದುವರಿದಿದೆ ಎಂಬುದಕ್ಕೆ ಕಾಸರಗೋಡಿನ ಕಡೆಯ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವೇ ಸಾಕ್ಷಿ. ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಗಂಟೆಗಟ್ಟಲೆ ಇಟ್ಟು ಮುಖವನ್ನೇ ಬೇರೆ ಲೋಕದ್ದಾಗಿಸುತ್ತಾರೆ. ಆದರೆ ನಾನು ನೆನೆಯುವುದು ಅದನ್ನಲ್ಲ, ರಾವಣನ ಒಡ್ಡೋಲಗವನ್ನು, ಅಂದರೆ ರಂಗಕ್ಕೆ ಅವನ ಮೊದಲ ಪ್ರವೇಶವನ್ನು. ತೆರೆಯ ಮರೆಯಲ್ಲಿ ಅಬ್ಬರಿಸಿದವನು ಮುಂದೆ ಮಾಡುವುದೇನು? ಮುಖ ತೊಳೆಯುತ್ತಾನೆ, ಸ್ನಾನ ಮಾಡುತ್ತಾನೆ, ಭಸ್ಮ ಧರಿಸುತ್ತಾನೆ, ಶಿವಪೂಜೆಗೆ ಕೂರುತ್ತಾನೆ. ಎಲ್ಲವೂ ಅಭಿನಯದಲ್ಲಿ. ಅವನಿಗೊಂದು ಬೆಳಗು ಇದೆ, ನಿಷ್ಠೆ ಇದೆ ಎಂದು ತೋರಿಸಿಯೇ ಅವನ ಅಧರ್ಮವನ್ನು ಆಡಿಸುತ್ತಾರೆ. ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ನುಗ್ಗಿ ಬರುತ್ತಾನೆ. ನಮ್ಮ ಗೇಮುಗಳಲ್ಲಿ ಇದು ಹೇಗೆ ತಪ್ಪಿಹೋಗುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಪುಣೆಯ ನಾಡಿಂಗ್ ಹೆಡ್ಸ್ ತಂಡದ 2020ರ 'ರಾಜಿ' ನೋಡಬಹುದು. ನೆರಳುಗೊಂಬೆಗಳಲ್ಲಿ ಕಥೆ ಹೇಳುವ ಚೆಲುವಾದ ಗೇಮು. ದುರ್ಗೆ ಮತ್ತು ವಿಷ್ಣು ದಾರಿಯುದ್ದಕ್ಕೂ ಆತ್ಮೀಯವಾಗಿ ಮಾತಾಡುತ್ತಾರೆ. ಮಹಾಬಲಾಸುರನಿಗೆ ಮಾತ್ರ ಒಡ್ಡೋಲಗದ ಭಾಗ್ಯವಿಲ್ಲ.

ಸಣ್ಣ ತಂಡಗಳಿಂದ ಇಷ್ಟು ನಿರೀಕ್ಷಿಸುವುದು ನ್ಯಾಯವೇ ಎಂದು ಕೇಳಬಹುದು. ಮಾತು, ದನಿ, ಚಲನಚಿತ್ರದಂಥ ದೃಶ್ಯಗಳಿಗೆ ದುಡ್ಡು ಬೇಕು, ಒಪ್ಪುತ್ತೇನೆ. ಷರತ್ತಿಗೆ ದುಡ್ಡು ಬೇಡ. ಹೈದರಾಬಾದಿನದೇ ವೈಜಯಂತಿ ಮೂವೀಸ್‌ನ 2024ರ 'ಕಲ್ಕಿ 2898 ಎಡಿ' ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಇಂಥದೊಂದು ಷರತ್ತು, ಕೋಟಿಗಟ್ಟಲೆಯ ಗ್ರಾಫಿಕ್ಸ್ ಅಲ್ಲ. ಕಮಲ್ ಹಾಸನ್ ಮಾಡಿದ ಸುಪ್ರೀಂ ಯಾಸ್ಕಿನ್‌ಗೆ ಸಿಗುವ ದೃಶ್ಯಗಳು ಕೆಲವೇ. ಹುಟ್ಟದ ಶಿಶುಗಳಿಂದ ತೆಗೆದ ರಸದಿಂದ ಅವನ ಜೀವ ಉಳಿದಿದೆ ಎಂಬ ಒಂದೇ ಸಂಗತಿ ಅವನನ್ನು ಭಯಂಕರನನ್ನಾಗಿ ಮಾಡುತ್ತದೆ. ಅಮರತ್ವ ಅವನದು, ಬೆಲೆ ತೆರುವವರು ಬೇರೆಯವರು.

'ಅಸುರ' ತಂಡಕ್ಕೆ ಷರತ್ತಿನ ಈ ಬಾಗಿಲು ಎಷ್ಟು ಹತ್ತಿರದಲ್ಲಿತ್ತು ಎಂದು ನೆನೆದರೆ ಸಂಕಟವಾಗುತ್ತದೆ. ಪ್ರತಿ ಸಲವೂ ಬೇರೆ ಬೇರೆ ಕೌಶಲಗಳನ್ನು ಮುಂದಿಟ್ಟು ಆರಿಸಿಕೋ ಎನ್ನುವ ಆ ಸ್ಕಿಲ್ ಟ್ರೀ ನಿಜಕ್ಕೂ ವರ ಕೊಡುವ ಯಂತ್ರ. ಆದರೆ ಅಲ್ಲಿನ ಕೊಡುಗೆಗಳು ಬಹುಮಟ್ಟಿಗೆ ಹೋರಾಟದ ಲೆಕ್ಕಕ್ಕೆ ಸೇರಿದವು. ಒಂದೊಂದು ಕೌಶಲಕ್ಕೂ ಒಂದೊಂದು ಬಿರುಕು ಕಟ್ಟಿದ್ದರೆ? ಹಗಲಿನ ಲೆವೆಲ್‌ಗಳಲ್ಲಿ ಸಾವಿಲ್ಲ, ರಾತ್ರಿ ಇಮ್ಮಡಿ ಅಪಾಯ. ಒಂದು ಬಗೆಯ ಶತ್ರುವಿನ ಪೆಟ್ಟು ತಾಗದು, ಆದರೆ ನೀನು ಹೆಸರಿಸದೆ ಬಿಟ್ಟವನ ಒಂದೇ ಏಟು ಸಾಕು. ಆಡುವವನು ಏನನ್ನು ಬೇಡಿದ, ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದರಿಂದ ಅವನ ಅಸುರ ರೂಪುಗೊಳ್ಳುತ್ತಿದ್ದ. ಪ್ರತಿ ಸಾವೂ ಅವನವನ ಸ್ವಭಾವದ ಸಾವಾಗುತ್ತಿತ್ತು. ಹೀಗಾಗಿದ್ದರೆ ಅರ್ಧ ದಾನವನೆಂಬ ಮಾತು ಪೀಠಿಕೆಯಿಂದ ಇಳಿದು ಬೆರಳಿಗೆ ಬರುತ್ತಿತ್ತು.

ಇದಕ್ಕೆ ಕನ್ನಡದಲ್ಲಿ ಸಾವಿರ ವರ್ಷ ಹಳೆಯ ಮಾದರಿಯೂ ಇದೆ. ಕಲಿಯ ಅಂಶವೆನಿಸಿಕೊಂಡ ದುರ್ಯೋಧನನನ್ನು ರನ್ನ ತನ್ನ 'ಗದಾಯುದ್ಧ'ದಲ್ಲಿ ವೈಶಂಪಾಯನ ಸರೋವರದೊಳಗೆ ಇಳಿಸುತ್ತಾನೆ. ಜಲಸ್ತಂಭದ ವಿದ್ಯೆ ಅವನನ್ನು ಕಾಯುತ್ತಿದೆ. ಆ ಒಂದು ದಿನ ಕಳೆದರೆ ಕಾಪಾಡುವವರು ಬರುತ್ತಾರೆ. ಅವನು ಮಾಡಬೇಕಾದದ್ದು ಸುಮ್ಮನಿರುವುದೊಂದೇ. ದಡದ ಮೇಲೆ ಭೀಮ ಮೂದಲಿಸುತ್ತಾನೆ. ನೀರೊಳಗಿರುವವನು ದುರ್ಯೋಧನನಾದ್ದರಿಂದಲೇ ಆ ಮೂದಲಿಕೆ ತಡೆಯಲಾಗದು, ಮೇಲೆದ್ದು ಬರುತ್ತಾನೆ. ಕಾಯುವ ಕಟ್ಟಳೆ, ಅದನ್ನು ಮುರಿಯುವ ಛಲ ಎರಡೂ ಒಬ್ಬನಲ್ಲೇ ಇರುವ ಈ ಸನ್ನಿವೇಶವನ್ನು ಆಡಿಸಲು ಒಂದು ಕೊಳ, ಒಂದು ದನಿ, ಬಿಡದೆ ಒತ್ತಿಹಿಡಿಯಬೇಕಾದ ಒಂದು ಗುಂಡಿ ಸಾಕು. ಓಗರ್ ಹೆಡ್‌ನಂಥ ತಂಡಕ್ಕೆ ಅಷ್ಟು ಕಟ್ಟುವ ಕಸುಬು 2017ರಲ್ಲೇ ಇತ್ತು.